ಎಂಟು ಗಂಟೆಯ ಲೆಕ್ಕ

ನನ್ನ ಭಾವನ ಬಗ್ಗೆ ಒಳ್ಳೆಯದನ್ನು ಬರೆಯಲು ಒಂದು ಬಸ್ ಟಿಕೆಟ್ಟಿನ ಬೆನ್ನು ಸಾಕು. ಉಳಿದದ್ದಕ್ಕೆ ಕಾಗದ ಬೇಕು, ಅದಕ್ಕೇ ಕೂತಿದ್ದೇನೆ. ಅವನು ನನ್ನ ಅಕ್ಕನ ಗಂಡ, ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಎದುರಿಗೆ ಅವನನ್ನು ‘ಭಾವ, ನೀವು’ ಎಂದೇ ಕರೆದವನು ನಾನು, ಮನಸ್ಸಿನಲ್ಲಿ ಮಾತ್ರ ಏಕವಚನ. ಇಲ್ಲಿ ಬರೆಯುತ್ತಿರುವುದು ಮನಸ್ಸಿನದ್ದು.

ಪೇಟೆಯಲ್ಲಿ ಅವನಿಗೆ ‘ಮೀಟರ್’ ಎಂದು ಅಡ್ಡಹೆಸರು. ಅಂಗಿಯ ಜೇಬಿನಲ್ಲಿ ಸದಾ ಕರೆಂಟ್ ಅಳೆಯುವ ಒಂದು ಮೀಟರ್ ಇಟ್ಟುಕೊಂಡಿರುತ್ತಾನೆ. ಯಾರ ಮಾತನ್ನೂ ನಂಬುವ ಜಾಯಮಾನ ಅವನದಲ್ಲ. ಕರೆಂಟ್ ಬಂತು ಅಂದರೆ, ಉರಿಯುತ್ತಿರುವ ಬಲ್ಬಿನ ಕೆಳಗೇ ನಿಂತು ಮೀಟರ್ ಹಚ್ಚಿ ನೋಡಿ, ‘ಹೂಂ, ಬಂದಿದೆ’ ಅನ್ನುತ್ತಾನೆ. ಸುಟ್ಟುಹೋದ ಮೋಟಾರುಗಳ ವೈಂಡಿಂಗ್ ಅವನ ಕಸುಬು. ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್‌ನಲ್ಲಿ ಅದ್ದಿ, ಒಲೆಯಲ್ಲಿ ಒಣಗಿಸಿ ಕೊಡುವುದು. ಸುತ್ತುಗಳನ್ನು ಬಾಯಿಬಿಟ್ಟು ಎಣಿಸುತ್ತಾನೆ. ಎಣಿಕೆಯ ನಡುವೆ ಯಾರಾದರೂ ‘ಭಾವ, ಊಟ’ ಅಂದರೆ ಮುಗಿಯಿತು, ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರು, ಜೊತೆಗೆ ಕರೆದವರ ವಂಶದ ಎಣಿಕೆ. ಹಾಗೆಂದು ಅವನು ಸುತ್ತಿಕೊಟ್ಟ ಮೋಟಾರು ಮತ್ತೆ ರಿಪೇರಿಗೆ ಬಂದದ್ದನ್ನು ನಾನು ನೋಡಿಲ್ಲ. ಬಸ್ ಟಿಕೆಟ್ಟಿಗೆ ಇಷ್ಟು ಸಾಕು.

ಅಕ್ಕ ಮದುವೆಯಾದ ತಿಂಗಳಿಂದಲೇ ಆ ಅಂಗಡಿಯಲ್ಲಿ ಕೂತಳು. ಭಾವ ಸುತ್ತುವುದು, ಅಕ್ಕ ಅದ್ದುವುದು, ಒಣಗಿಸುವುದು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ವರ್ಷ ನಾನೂ ಅಲ್ಲಿಗೆ ಸೇರಿದೆ. ಇಕ್ಕಳದ ಹಿಡಿಯಿಂದ ಗೆಣ್ಣಿಗೆ ಕುಟ್ಟಿ ಕುಟ್ಟಿ ಅವನು ನನಗೆ ಕೆಲಸ ಕಲಿಸಿದ. ಹನ್ನೊಂದು ವರ್ಷ ಕಲಿತೆ. ಆಮೇಲೆ ಬೇರೆಯಾಗಿ ವಯರಿಂಗ್ ಲೈಸೆನ್ಸ್ ಮಾಡಿಸಿಕೊಂಡೆ, ಸೋಲಾರ್ ಕೆಲಸ ಕಲಿತೆ.

ನಮ್ಮ ಮಾತು ನಿಂತದ್ದು ಒಂದು ಸ್ವಿಚ್‌ಬೋರ್ಡಿನಿಂದ. ಏಳು ವರ್ಷದ ಹಿಂದೆ ಒಬ್ಬ ಅಕ್ಕಿ ಗಿರಣಿಯವನಿಗೆ ನಾನು ಬೋರ್ಡ್ ಕೂರಿಸಿ ಕೊಟ್ಟಿದ್ದೆ. ಭಾವ ಮೋಟಾರ್ ನೋಡಲು ಹೋದವನು ಸುಮ್ಮನೆ ಬರಬೇಕಲ್ಲ? ಗಿರಣಿಯವನ ಎದುರಿಗೇ ಬೋರ್ಡ್ ಬಿಚ್ಚಿ, ಸ್ಕ್ರೂಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ನನ್ನನ್ನು ಕರೆಸಿ, ಒಂದು, ಎರಡು, ಮೂರು ಎಂದು ತಪ್ಪು ಎಣಿಸಿದ. ಒಂಬತ್ತಕ್ಕೆ ನಿಲ್ಲಿಸಿದ. ನಿಜವಾಗಿ ಇದ್ದದ್ದು ಎರಡು. ನನಗೆ ಕೋಪ ನೆತ್ತಿಗೇರಿತು. ನಿಮ್ಮ ವಾರ್ನಿಶ್ ಹೊಗೆಗೆ ನನ್ನಕ್ಕ ಕೆಮ್ಮಿ ಕೆಮ್ಮಿ ಸೊರಗುತ್ತಿದ್ದಾಳೆ, ಮೊದಲು ಅದನ್ನು ಎಣಿಸಿ ಅಂದುಬಿಟ್ಟೆ. ಅವನ ಮುಖ ಕಪ್ಪಿಟ್ಟಿತು. ಅವತ್ತಿಗೆ ಮಾತು ಬಂದ್.

ಮಾತು ಬಂದ್ ಆದರೂ ಕೆಲಸ ಬಂದ್ ಆಗಲಿಲ್ಲ. ಪೇಟೆಯವರಿಗೆ ಮೋಟಾರಿಗೆ ಅವನೇ ಬೇಕು, ವಯರಿಂಗಿಗೆ ನಾನೇ ಬೇಕು. ಎಣ್ಣೆ ಸೀಗೇಕಾಯಿಯಂತಿದ್ದವರು ಒಂದೇ ವ್ಯಾನಿನಲ್ಲಿ ಕೂತು ಹೋಗುತ್ತಿದ್ದೆವು. ನಮ್ಮಲ್ಲಿ ಒಂದು ಪದ್ಧತಿಯೇ ಬೆಳೆಯಿತು. ಅಕ್ಕ ಇದ್ದರೆ ಎಲ್ಲ ಅಕ್ಕನ ಮೂಲಕ. ಒಬ್ಬರಿಂದ ಕೇಳಿಸಿಕೊಂಡು ಪಕ್ಕದ ಕೋಣೆಗೆ ಹೋಗಿ ಇನ್ನೊಬ್ಬರಿಗೆ ಹೇಳುವುದು, ಇಲ್ಲವೇ ಫೋನು. ಅಕ್ಕ ಇಲ್ಲದಿದ್ದರೆ ಗೋಡೆಗೋ ಏಣಿಗೋ ಹೇಳುವುದು. ‘ಏಣಿ ಹಿಡಿದಿರೋರು ಯಾರಾದ್ರೂ ಇದ್ರೆ ನಿದ್ದೆ ಮಾಡದೆ ಹಿಡ್ಕೊಳ್ಳಲಿ’ ಎಂದು ಅವನು ಏಣಿಗೆ ಹೇಳುವನು. ‘ಈ ಏಣಿಗೆ ಎರಡು ಕಣ್ಣಿದೆ’ ಎಂದು ನಾನು ಏಣಿಗೇ ಉತ್ತರ ಕೊಡುವೆ. ಚೀಟಿ ಬರೆಯುವ ಹಾಗಿರಲಿಲ್ಲ. ಬರೆದರೂ ಮಾತಾಡಿದಂತೆಯೇ ಎಂಬುದು ಇಬ್ಬರೂ ಹೇಳದೆ ಒಪ್ಪಿಕೊಂಡ ಕಾನೂನು.

ಅಕ್ಕ ತರುತ್ತಿದ್ದ ಅವನ ಮಾತುಗಳು ಬಹಳ ಮೆತ್ತಗಿರುತ್ತಿದ್ದವು. ಸಾಧ್ಯವಾದರೆ ಆ ವಯರು ಸ್ವಲ್ಪ ಆಚೆ ತೆಗೆದುಕೊಳ್ಳಬೇಕಂತೆ, ಇಲ್ಲದಿದ್ದರೂ ಪರವಾಗಿಲ್ಲವಂತೆ. ಊರಿಗೆಲ್ಲ ಬೆಂಕಿ ಕಾರುವ ಮನುಷ್ಯ ನನ್ನ ವಿಷಯಕ್ಕೆ ಬಂದರೆ ಬೆಣ್ಣೆ. ಗಿರಣಿಯಲ್ಲಿ ನಾನಾಡಿದ ಒಂದು ಮಾತಿಗೇ ಹೆದರಿದ್ದಾನೆ ಎಂದು ನಾನು ಒಳಗೊಳಗೇ ಮೀಸೆ ತಿರುವುತ್ತಿದ್ದೆ.

ಅಕ್ಕನ ಕೆಮ್ಮು ನಿಲ್ಲಲಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತಿದೆ ಅಂದರು ಡಾಕ್ಟರು. ಹೊಗೆ, ಧೂಳು ಇರುವ ಕಡೆ ಇರಬಾರದು, ಆಕ್ಸಿಜನ್ ಮಷೀನ್ ಇಟ್ಟುಕೊಳ್ಳಬೇಕು. ಅದು ಗಾಳಿಯಿಂದ ಆಮ್ಲಜನಕ ಸೋಸಿ, ಸಣ್ಣ ನಳಿಗೆಯಲ್ಲಿ ಮೂಗಿಗೆ ಬಿಡುವ ಪೆಟ್ಟಿಗೆ, ಕರೆಂಟ್ ಇದ್ದರೆ ಮಾತ್ರ ನಡೆಯುವಂಥದ್ದು. ಭಾವ ಏನು ಮಾಡಿದ ಗೊತ್ತೇ? ಇಪ್ಪತ್ತೈದು ವರ್ಷದ ಅಂಗಡಿಯನ್ನು ಒಂದೇ ದಿನದಲ್ಲಿ ಮುಚ್ಚಿದ. ಗುಡ್ಡದ ಮೇಲೆ, ಮುಚ್ಚಿಹೋದ ಕಲ್ಲಿನ ಕ್ವಾರಿಯ ಕಾವಲುಗಾರ ಬಿಟ್ಟುಹೋದ ಎರಡು ಕೋಣೆಯ ಮರದ ಮನೆಯೊಂದನ್ನು ಹಿಡಿದು, ಅಕ್ಕನನ್ನು ಅಲ್ಲಿಗೆ ಸಾಗಿಸಿದ. ನಾಲ್ಕು ಕಿಲೋಮೀಟರ್ ಸುತ್ತ ಒಂದು ಕರೆಂಟ್ ಕಂಬವಿಲ್ಲ. ಕರೆಂಟಿಲ್ಲದೆ ಉಸಿರಾಡಲಾಗದ ಹೆಂಗಸನ್ನು ಕರೆಂಟಿಲ್ಲದ ಕಡೆ ಒಯ್ಯುವ ಬುದ್ಧಿ ಯಾರಿಗಾದರೂ ಬರುತ್ತದೆಯೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಲ್ಲಿನ ಗಾಳಿಗೆ ಅವಳ ಕೆಮ್ಮು ಅರ್ಧ ಇಳಿದಿತ್ತು, ಅದು ಬೇರೆ ಮಾತು.

ಬಾಡಿಗೆ ಜನರೇಟರ್ ಇಟ್ಟುಕೊಂಡು ಎರಡು ವಾರ ಕಳೆದ ಮೇಲೆ ಅಕ್ಕ ನನಗೆ ಫೋನ್ ಮಾಡಿ, ಸೋಲಾರ್ ಹಾಕಿಕೊಡು ಬಾ ಎಂದಳು. ಈ ಕೆಲಸದಲ್ಲಿ ಮೊದಲ ಪ್ರಶ್ನೆ ಒಂದೇ, ಯಾವ ಸಾಮಾನು ದಿನಕ್ಕೆ ಎಷ್ಟು ಗಂಟೆ ನಡೆಯಬೇಕು? ಅದರ ಮೇಲೆ ಬ್ಯಾಟರಿ ಎಷ್ಟು, ಪ್ಯಾನೆಲ್ ಎಷ್ಟು ಎಂಬುದು ನಿಲ್ಲುತ್ತದೆ. ಮಷೀನ್ ರಾತ್ರಿ ಮಾತ್ರ, ಎಂಟು ಗಂಟೆ ಅಂದಳು. ಭಾವನನ್ನೂ ಒಂದು ಸಲ ಕೇಳಿ ಹೇಳು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಫೋನ್ ಮಾಡಿ, ಅವರೂ ಎಂಟೇ ಅಂದರು ಅಂದಳು. ಎಂಟು ಗಂಟೆಗೆ ಲೆಕ್ಕ ಹಾಕಿದೆ. ಎರಡು ದಿನ ಬಿಸಿಲೇ ಬರದಿದ್ದರೂ ನಡೆಯಲಿ ಎಂದು ಎಂಟು ಬ್ಯಾಟರಿ, ಆರು ಪ್ಯಾನೆಲ್ ಹೇರಿಕೊಂಡು ಗುಡ್ಡ ಹತ್ತಿದೆ.

ಛಾವಣಿಯ ಹಲಗೆ ಭಾರ ತಡೆಯುವಂತಿರಲಿಲ್ಲ. ಮನೆಯ ಪಕ್ಕ ನೆಲದ ಮೇಲೆಯೇ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಕಾಲುಗಳಿಗೆ ಕಾಂಕ್ರೀಟ್ ಹಾಕಿದೆವು. ಭಾವ ಪ್ರತಿ ಕಾಲಿಗೂ ರಸಮಟ್ಟ ಇಟ್ಟು ನೋಡಿದ, ನಾನು ನೋಡಿದ ಮೇಲೆ. ಪ್ರತಿ ಬೋಲ್ಟನ್ನೂ ತಿರುಗಿಸಿ ನೋಡಿದ, ನಾನು ಬಿಗಿ ಮಾಡಿದ ಮೇಲೆ. ಬ್ಯಾಟರಿಗಳನ್ನು ಹಿಂದಿನ ತಗಡಿನ ಚಾವಡಿಯಲ್ಲಿ ಎರಡು ಸಾಲಾಗಿ ಇಟ್ಟೆವು. ಗೋಡೆಗೆ ಇನ್ವರ್ಟರ್, ಅದರ ಪಕ್ಕದಲ್ಲಿ, ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್. ಆ ಕಂಟ್ರೋಲರಿಗೆ ಮೊದಲು ಬ್ಯಾಟರಿಯ ವಯರ್ ಕೊಡಬೇಕು, ಆಮೇಲೆ ಪ್ಯಾನೆಲಿನದ್ದು. ತಿರುಗಾಮುರುಗಾ ಆದರೆ ಪೆಟ್ಟಿಗೆ ಸುಟ್ಟೇ ಹೋದೀತು. ಮೋಟಾರಿನ ಪಂಡಿತನಿಗೆ ಇದು ಗೊತ್ತಿಲ್ಲ, ಪ್ಯಾನೆಲಿನ ವಯರ್ ಹಿಡಿದು ಮುಂದೆ ಬಂದ. ಮೊದಲು ಬ್ಯಾಟರಿ ಎಂದು ನಾನು ಕೈಯಲ್ಲಿದ್ದ ಸ್ಪ್ಯಾನರಿಗೆ ಜೋರಾಗಿ ಪಾಠ ಹೇಳಿದೆ. ಅವನು ವಯರ್ ಕೆಳಗಿಟ್ಟ.

ಆ ಎರಡು ದಿನವೂ ಅಕ್ಕ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಮ್ಮಿಬ್ಬರ ಮಧ್ಯೆ ಕೂತಿದ್ದಳು. ನಾನು ಚೌಕಟ್ಟಿನ ಹತ್ತಿರ, ಅವನು ಚಾವಡಿಯಲ್ಲಿ. ಅವಳು ಎದ್ದು ಇಪ್ಪತ್ತು ಹೆಜ್ಜೆ ಅತ್ತ, ಇಪ್ಪತ್ತು ಹೆಜ್ಜೆ ಇತ್ತ. ಒಂದು ಮಾತು ಮುಟ್ಟಿಸಿ ಬಂದು ಕೂತರೆ ಅವಳ ಭುಜಗಳು ಮೇಲೆ ಕೆಳಗೆ ಆಗುತ್ತಿದ್ದವು. ನಾನು ಅದನ್ನು ನೋಡಿದೆ. ನೋಡಿಯೂ, ‘ಅಕ್ಕ, ಆ ಕೇಬಲ್ ಎಲ್ಲಿಟ್ಟಿದ್ದಾರೆ ಕೇಳು’ ಎಂದು ಮತ್ತೆ ಕಳಿಸಿದೆ. ನನಗೆ ಬೈದುಕೊಳ್ಳಲು ಬೇರೆ ಯಾರೂ ಬೇಕಾಗಿಲ್ಲ.

ಎರಡನೆಯ ದಿನ ಸಂಜೆ ಸ್ವಿಚ್ ಹಾಕಿದಾಗ ಭಾವ ಬ್ಯಾಟರಿಗಳನ್ನು ಒಂದೊಂದಾಗಿ ಮೀಟರ್ ಹಚ್ಚಿ ನೋಡಿದ. ಅಕ್ಕನ ಕಿವಿಯಲ್ಲಿ ಏನೋ ಹೇಳಿದ. ಅವಳು ನನ್ನ ಹತ್ತಿರ ಬಂದು, ‘ತುಂಬ ಚೆನ್ನಾಗಿ ಮಾಡಿದೀಯಂತೆ’ ಅಂದಳು. ಏಳು ವರ್ಷದಲ್ಲಿ, ಅಲ್ಲ, ಹದಿನೆಂಟು ವರ್ಷದಲ್ಲಿ ಆ ಬಾಯಿಂದ ನನ್ನ ಕೆಲಸಕ್ಕೆ ಬಂದ ಮೊದಲ ಹೊಗಳಿಕೆ. ಆ ಖುಷಿಯಲ್ಲಿ, ಇನ್ನು ಜನರೇಟರ್ ಬೇಡ, ವಾಪಸ್ ಕಳಿಸಲು ಹೇಳು ಅಂದೆ. ಬೆಳಿಗ್ಗೆ ಅಂಗಡಿಯವರು ಬಂದು ಹೊತ್ತುಕೊಂಡು ಹೋದರು.

ಹೊಸ ಸಿಸ್ಟಮ್ ಹಾಕಿದರೆ ಮೂರು ದಿನ ಅಲ್ಲೇ ಇದ್ದು ನೋಡಿ ಹೋಗುವುದು ನನ್ನ ಅಭ್ಯಾಸ. ವ್ಯಾನಿನಲ್ಲೇ ಮಲಗುತ್ತಿದ್ದೆ. ಹಗಲು ಬೇಲಿಯಾಚೆ ನೆರಳು ಬೀಳಿಸುತ್ತಿದ್ದ ಕೊಂಬೆಗಳನ್ನು ಕಡಿಯುತ್ತಿದ್ದೆ. ಕೆಲಸ ಮುಗಿದ ಮೇಲೆ ನನಗೂ ಅವನಿಗೂ ಮಾತಿನ ಅಗತ್ಯವಿರಲಿಲ್ಲ, ಹಾಗಾಗಿ ಅಕ್ಕ ಹೊರಗೆ ಕಾಣಿಸಿಕೊಳ್ಳುವುದೂ ಕಡಿಮೆಯಾಯಿತು. ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಮಲಗಿದ್ದಾಳೆ, ಎರಡು ದಿನದ ಸುಸ್ತು ಎಂದುಕೊಂಡೆ.

ಜನರೇಟರ್ ಹೋದ ದಿನವೇ ಮೋಡ ಕವಿಯಿತು. ಮರುದಿನವೂ ಸೂರ್ಯನ ಸುಳಿವಿಲ್ಲ. ನಾನು ಹೆದರಲಿಲ್ಲ, ಎರಡು ದಿನದ ಸರಕು ಒಳಗಿದೆಯಲ್ಲ. ಆದರೆ ಆ ಬೆಳಿಗ್ಗೆ ನೋಡಿದರೆ ಬ್ಯಾಟರಿ ಇರಬೇಕಾದ್ದಕ್ಕಿಂತ ಬಹಳ ಕೆಳಗಿತ್ತು. ಮಧ್ಯಾಹ್ನ ನೋಡಿದೆ, ಹಗಲಲ್ಲೂ ಇಳಿಯುತ್ತಿದೆ. ಯಾರೋ ಕದ್ದು ಕರೆಂಟ್ ಎಳೆಯುತ್ತಿದ್ದಾರೆ. ಯಾರೋ ಏನು ಬಂತು, ಅವನೇ. ಎಲ್ಲೋ ಒಂದು ಒಲೆ ಹಚ್ಚಿಕೊಂಡು ಹಳೇ ಚಾಳಿ ಮುಂದುವರಿಸಿದ್ದಾನೆ, ಅಕ್ಕನ ಉಸಿರು ತಿನ್ನುತ್ತಿದ್ದಾನೆ ಎಂದುಕೊಂಡೆ. ಅಡುಗೆಮನೆಯ ಕಪಾಟು ತೆಗೆದು ನೋಡಿದೆ, ಹೊರಗಿನ ಕೋಣೆಯಲ್ಲಿ ಭಾವನ ಮಂಚದ ಕೆಳಗೆ ಬಗ್ಗಿ ನೋಡಿದೆ. ಏನೂ ಸಿಗಲಿಲ್ಲ. ಅಕ್ಕನ ಮುಚ್ಚಿದ ಕೋಣೆಯಿಂದ ಬರುತ್ತಿದ್ದ ಗುಂಯ್ ಸದ್ದನ್ನು ಫ್ಯಾನಿನದ್ದೆಂದುಕೊಂಡೆ. ಅಷ್ಟರಲ್ಲಿ ಚಾವಡಿಯಿಂದ ಇನ್ವರ್ಟರಿನ ಅಲಾರಂ ಕೂಗಿತು. ಹಿಂದೆಯೇ ಅಕ್ಕನ ಕೋಣೆಯೊಳಗಿಂದ ಇನ್ನೊಂದು ಅಲಾರಂ. ಮಧ್ಯಾಹ್ನ ಮೂರು ಗಂಟೆ. ಮಷೀನ್ ನಿಂತಿತ್ತು.

ಬಾಗಿಲು ತಳ್ಳಿದೆ. ಅಕ್ಕ ದಿಂಬುಗಳಿಗೆ ಒರಗಿ ಕೂತಿದ್ದಳು, ಮೂಗಿನಲ್ಲಿ ನಳಿಗೆ. ತುಟಿಗಳ ಬಣ್ಣ ಸರಿಯಿರಲಿಲ್ಲ. ಭಾವ ಮೂಲೆಯ ಸಣ್ಣ ಸಿಲಿಂಡರನ್ನು ಎಳೆದು ತಂದು ನಳಿಗೆ ಅದಕ್ಕೆ ಸಿಕ್ಕಿಸುತ್ತಿದ್ದ. ಆಪತ್ತಿಗೆಂದು ಇಟ್ಟದ್ದು, ಒಂದೂವರೆ ಗಂಟೆ ಬಂದರೆ ಹೆಚ್ಚು.

“ಹದಿನಾರು ಗಂಟೆ ಬೇಕು ಅಂತ ಹೇಳಿ ಕಳಿಸಿದ್ದೆ,” ಎಂದು ಅವನು ಗೋಡೆಗೆ ಹೇಳಿದ. “ಎರಡು ಸಲ ಹೇಳಿ ಕಳಿಸಿದ್ದೆ.”

“ನನಗೆ ಬಂದಿದ್ದು ಎಂಟು,” ಎಂದು ನಾನು ಬಾಗಿಲಿಗೆ ಹೇಳಿದೆ.

ಇಬ್ಬರೂ ಅಕ್ಕನ ಕಡೆ ತಿರುಗಿದೆವು. ಅವಳು ಕಣ್ಣು ಮುಚ್ಚಿಕೊಂಡಳು.

ಯೋಚಿಸಲು ಹೊತ್ತಿರಲಿಲ್ಲ. ಜನರೇಟರ್ ಅಂಗಡಿಗೆ ಫೋನ್ ಮಾಡಿದೆ. ಬರಲು ಮೂರು ಗಂಟೆ ಬೇಕು ಅಂದರು. ಸಿಲಿಂಡರಿಗೂ ಜನರೇಟರಿಗೂ ನಡುವೆ ಒಂದೂವರೆ ಗಂಟೆ ಖಾಲಿ ಉಳಿಯುತ್ತಿತ್ತು. ವ್ಯಾನಿನಲ್ಲಿ ಯಾರಿಗೋ ರಿಪೇರಿ ಮಾಡಿಟ್ಟಿದ್ದ ಸಣ್ಣ ಮನೆ ಇನ್ವರ್ಟರ್ ಇತ್ತು. ವ್ಯಾನನ್ನು ಹಿಮ್ಮುಖವಾಗಿ ಕಿಟಕಿಯವರೆಗೆ ತಂದೆ, ಅಲ್ಲಿ ಜಾಗ ಸಾಲದೆ ಮತ್ತೆ ತಿರುಗಿಸಿ ಮುಖ ಮಾಡಿ ನಿಲ್ಲಿಸಿದೆ. ವ್ಯಾನಿನ ಬ್ಯಾಟರಿಯಿಂದ ಆ ಇನ್ವರ್ಟರಿಗೆ, ಅಲ್ಲಿಂದ ಕಿಟಕಿಯ ಮೂಲಕ ಮಷೀನಿಗೆ ವಯರ್ ಎಳೆದೆ. ಆದರೆ ವ್ಯಾನಿನ ಬ್ಯಾಟರಿಯೊಂದೇ ಹೆಚ್ಚು ಹೊತ್ತು ತಾಳದು. ಇಂಜಿನ್ ಓಡುತ್ತಲೇ ಇರಬೇಕು, ಅದೂ ಒಂದೇ ವೇಗದಲ್ಲಿ. ಒಬ್ಬ ಎಕ್ಸಲೇಟರ್ ಒತ್ತಿ ಹಿಡಿಯಬೇಕು, ಒಬ್ಬ ಬಾನೆಟ್ಟಿನ ಹತ್ತಿರ ಮೀಟರ್ ನೋಡುತ್ತ ಹೆಚ್ಚು ಕಡಿಮೆ ಹೇಳಬೇಕು. ಭಾವ ಡ್ರೈವರ್ ಸೀಟಿನಲ್ಲಿ ಕೂತ. ಇಂಜಿನಿನ ಗದ್ದಲದಲ್ಲಿ ಗೋಡೆಗೆ ಹೇಳಿದ್ದು ಗೋಡೆಗೂ ಕೇಳಿಸುವಂತಿರಲಿಲ್ಲ.

“ಇನ್ನೊಂಚೂರು ಒತ್ತು,” ಎಂದು ಅವನ ಮುಖ ನೋಡಿ ಕೂಗಿದೆ. ನಾಲಿಗೆಯಲ್ಲೂ ಏಕವಚನವೇ ಬಂದಿತ್ತು.

ಅವನು ಒತ್ತಿದ. “ಸಾಕಾ?” ಅಂದ.

ಮಷೀನ್ ಶುರುವಾಯಿತು. ಕಿಟಕಿಯಿಂದ ಅದರ ಸದ್ದು ಕೇಳಿದ ಮೇಲೆ ನನ್ನ ಬಾಯಿ ಹರಿಯಿತು. ಎಂಟು ಬ್ಯಾಟರಿ ಕಣ್ಣಾರೆ ನೋಡಿ ಚೆನ್ನಾಗಿದೆ ಅಂದೆಯಲ್ಲ, ಆವಾಗ ನಿನ್ನ ಮೀಟರು ಎಲ್ಲಿ ಸತ್ತಿತ್ತು ಎಂದು ಕೇಳಿದೆ. ಚೆನ್ನಾಗಿದೆ ಎಂದು ಯಾವ ಮೂರ್ಖ ಅಂದ ಎಂದು ಅವನು ಕೇಳಿದ. ಹದಿನಾರು ಗಂಟೆಗೆ ಇಷ್ಟು ಸಾಕೋ, ಇಲ್ಲ ಆ ದಡ್ಡಶಿಖಾಮಣಿ ಇಲ್ಲೂ ಲೆಕ್ಕ ತಪ್ಪಿದ್ದಾನೋ ಕೇಳಿಕೊಂಡು ಬಾ ಎಂದು ಅವನು ಅಕ್ಕನಿಗೆ ಹೇಳಿದ್ದನಂತೆ. ಅವಳು ಹೋಗಿ ಬಂದು, ಭಾವ ಕಲಿಸಿದ ಕೆಲಸ, ತಪ್ಪುವುದುಂಟೇ ಎಂದು ನಾನು ಹೇಳಿದೆ ಅಂದಳಂತೆ. ನಾನು ಹಾಗೆ ಸತ್ತರೂ ಹೇಳುವವನಲ್ಲ. ಅವತ್ತು ಮಧ್ಯಾಹ್ನ ನಾನು ಹೇಳಿ ಕಳಿಸಿದ್ದು, ಆ ಮನುಷ್ಯನ ಕೈ ತಾಗಿದ್ದೆಲ್ಲ ಸುಡುತ್ತದೆ, ದೂರ ಇರಲಿ ಎಂದು.

ಆಮೇಲೆ ಒಂದೊಂದೇ ಹೊರಬಂತು. ವಯರ್ ಸ್ವಲ್ಪ ಆಚೆ ತೆಗೆದುಕೊಳ್ಳಬೇಕಂತೆ ಎಂದು ನನಗೆ ಬಂದದ್ದು, ಅವನ ಬಾಯಿಂದ ಹೊರಟಾಗ, ಆ ವಯರಿನಿಂದಲೇ ನಿನ್ನ ತಮ್ಮ ನೇಣು ಹಾಕಿಕೊಳ್ಳಲಿ ಎಂದಿತ್ತು. ನನ್ನ ಮಾತುಗಳೂ ಅವನ ಮಾತಿಗಿಂತ ಹಗುರ ಇರಲಿಲ್ಲ. ಏಳು ವರ್ಷ ನನಗೆ ಹೆದರಿದ್ದಾನೆಂದು ನಾನು ಮೆರೆದಿದ್ದೆ, ನಾನು ಪಶ್ಚಾತ್ತಾಪ ಪಡುತ್ತಿದ್ದೇನೆಂದು ಅವನು ಮೆರೆದಿದ್ದ. ಬಾನೆಟ್ಟಿನ ಈಚೆ ನಾನು, ಗಾಜಿನ ಆಚೆ ಅವನು, ಕಾಲು ಎಕ್ಸಲೇಟರಿನ ಮೇಲೆ, ನನ್ನ ಕಣ್ಣು ಮೀಟರಿನ ಮೇಲೆ. ಇಬ್ಬರಿಗೂ ಜಾಗ ಬಿಟ್ಟು ಕದಲುವ ಹಾಗಿರಲಿಲ್ಲ, ಇಲ್ಲದಿದ್ದರೆ ಕೈ ಕೈ ಮಿಲಾಯಿಸುತ್ತಿದ್ದೆವು.

ಕೊನೆಗೆ ನಾನು ಹಳೆಯದನ್ನೇ ತೆಗೆದೆ. ಒಳಗೆ ಉಸಿರಿಗೆ ಒದ್ದಾಡುತ್ತಿರುವುದು ನಿನ್ನ ವಾರ್ನಿಶ್ ಕುಡಿದು ಅಂದೆ.

“ಕಿಟಕಿಗೆ ಮೊಳೆ ಹೊಡೆದಿದ್ದು ಯಾರು?” ಎಂದ ಅವನು.

ಅಂಗಡಿಯಲ್ಲಿ ಒಲೆಯ ಪಕ್ಕ ಒಂದೇ ಒಂದು ಕಿಟಕಿ ಇತ್ತು. ಹಸಿ ವಾರ್ನಿಶ್‌ಗೆ ಬೀದಿಯ ಧೂಳು ಅಂಟುತ್ತದೆ, ಅದಕ್ಕೆ ಬೈಸಿಕೊಳ್ಳಬೇಕಾಗುತ್ತದೆ ಎಂದು ನಾನೇ ಅದನ್ನು ಮುಚ್ಚಿ ಹಲಗೆ ಬಡಿದಿದ್ದೆ. ಅದರ ಕೆಳಗೇ ಅಕ್ಕ ಕೂರುತ್ತಿದ್ದಳು. ಅದನ್ನು ಬಿಚ್ಚಲು ಹೇಳದೆ ಅವನೂ ಅಷ್ಟು ವರ್ಷ ಸುಮ್ಮನಿದ್ದ. ಇದನ್ನು ಅವನು ಈ ಏಳು ವರ್ಷದಲ್ಲಿ ಒಂದು ಸಲವೂ ಅಕ್ಕನ ಮೂಲಕ ಹೇಳಿ ಕಳಿಸಿರಲಿಲ್ಲ, ಅಥವಾ ಕಳಿಸಿದ್ದು ನನ್ನವರೆಗೆ ಬಂದಿರಲಿಲ್ಲ.

ಕಿಟಕಿಯಲ್ಲಿ ಅಕ್ಕ ನಿಂತಿದ್ದಳು. ಸರಳು ಹಿಡಿದು ನಿಂತಿದ್ದಳು, ನಳಿಗೆ ಅಷ್ಟು ದೂರ ಬರುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಏಳು ವರ್ಷ ನಿಮ್ಮ ಮಾತು ಹೊತ್ತೆ,” ಅಂದಳು. ನಿಂತು ಉಸಿರು ತೆಗೆದುಕೊಂಡಳು. “ಬೈಗುಳ ತೆಗೆದು, ಒಳ್ಳೇದು ಹಾಕಿ.” ಮತ್ತೆ ನಿಂತಳು. “ಹದಿನಾರು ಅಂದಿದ್ರೆ, ನಂಗೆ ಇಷ್ಟು ಜಾಸ್ತಿಯಾಗಿದೆ ಅಂತ ನೀನು ಇವರ ಕುತ್ತಿಗೆ ಹಿಡೀತಿದ್ದೆ. ಅದಕ್ಕೇ ಎಂಟು ಅಂದೆ.”

ನಾನು ಏನೋ ಹೇಳಹೋದೆ. ಅವಳು ಕೈ ಎತ್ತಿ ತಡೆದಳು.

“ಇನ್ನು ನನ್ನನ್ನ ಮಧ್ಯೆ ಹಾಕಬೇಡಿ. ಬೈಯೋದಿದ್ರೆ ನೀವೇ ಬೈದುಕೊಳ್ಳಿ. ನನಗೆ ಇರೋ ಉಸಿರು ನನಗೇ ಸಾಲಲ್ಲ.”

ಅವಳು ಹೋಗಿ ಮಲಗಿದಳು. ಭಾವನ ಕಾಲು ಎಕ್ಸಲೇಟರಿನ ಮೇಲೆ ಸಡಿಲವಾಯಿತು. ಒತ್ತು ಎಂದು ಕೂಗಿದೆ, ಒತ್ತಿದ. ಜನರೇಟರ್ ಬರುವವರೆಗೂ ನಾವು ಆಡಿದ ಮಾತು ಒತ್ತು, ಬಿಡು, ಸಾಕು, ಇಷ್ಟೇ.

ಮರುದಿನ ಬೆಳಿಗ್ಗೆ ಬಿಸಿಲು ಬಿತ್ತು. ಪ್ಯಾನೆಲುಗಳ ಮೇಲಿನ ನೀರು ಒರೆಸಿ ಬಂದು, ಚಾವಡಿಯ ಮೆಟ್ಟಿಲ ಮೇಲೆ ಕೂತು, ಹದಿನಾರು ಗಂಟೆಗೆ ಎಷ್ಟು ಬ್ಯಾಟರಿ ಸೇರಿಸಬೇಕೆಂದು ರಟ್ಟಿನ ಮೇಲೆ ಲೆಕ್ಕ ಹಾಕುತ್ತಿದ್ದೆ. ಭಾವ ಬಂದು ಎದುರಿಗೆ ನಿಂತ. ನಾನು ಅವನನ್ನು ಕ್ಷಮಿಸಿರಲಿಲ್ಲ. ಅವನ ಮುಖ ನೋಡಿದರೆ ಅವನೂ ನನ್ನನ್ನು ಕ್ಷಮಿಸಿರಲಿಲ್ಲ. ಇವತ್ತಿಗೂ ನಾವು ಒಬ್ಬರನ್ನೊಬ್ಬರು ಕಂಡರೆ ಆಗದವರೇ.

“ಎಷ್ಟಕ್ಕೆ ಹಾಕ್ತಿದೀಯ?” ಎಂದು ನನ್ನನ್ನೇ ಕೇಳಿದ.

“ಹದಿನಾರಕ್ಕೆ.”

ಅವನು ಅಕ್ಕನ ಕೋಣೆಯ ಕಡೆ ತಿರುಗಿ ನೋಡಿದ. ಗುಡ್ಡಕ್ಕೆ ಬಂದಾಗಿನಿಂದ ಅವಳ ಪಕ್ಕದಲ್ಲಿ ಕೂತು, ಮಷೀನ್ ತೆಗೆದರೆ ಎಷ್ಟು ಹೊತ್ತು ತಾಳುತ್ತಾಳೆ, ಅದು ದಿನದಿಂದ ದಿನಕ್ಕೆ ಎಷ್ಟು ಇಳಿಯುತ್ತಿದೆ ಎಂದು ಗಡಿಯಾರ ಹಿಡಿದು ನೋಡಿದವನು ಅವನು.

“ಇಪ್ಪತ್ನಾಲ್ಕಕ್ಕೆ ಹಾಕು,” ಅಂದ.

ಆ ಮನುಷ್ಯ ಹೇಳಿದ್ದಕ್ಕೆಲ್ಲ ಎದುರು ಮಾತಾಡಿ ಬಂದವನು ನಾನು. ಅವತ್ತೂ ಬಾಯಿ ತೆರೆದೆ. ಆಮೇಲೆ ಹದಿನಾರನ್ನು ಹೊಡೆದುಹಾಕಿ, ಇಪ್ಪತ್ನಾಲ್ಕು ಎಂದು ಬರೆದೆ.